ಹತ್ತು ಹುಡುಗರು, ಒಂದು ಬಾಂಬರ್ ವಿಮಾನ

ಮಕ್ಕಳೇ, ಎರಡನೇ ಮಹಾಯುದ್ಧ ನಡೆದಾಗ ನಮ್ಮ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳೆಲ್ಲ ಹೈದರಾಬಾದ್ ನಿಜಾಮರ ಸಂಸ್ಥಾನದಲ್ಲಿದ್ದವು. ಯುದ್ಧ ನಡೆದದ್ದು ಎಲ್ಲೋ ದೂರದ ಯುರೋಪಿನಲ್ಲಿ, ನಮಗೇನು ಸಂಬಂಧ ಎನ್ನಬೇಡಿ. ಮೊದಲನೇ ಮಹಾಯುದ್ಧದಲ್ಲಿ ನಿಜಾಮರು ಬ್ರಿಟಿಷರಿಗೆ ವಿಮಾನ ಕೊಳ್ಳಲು ಹಣ ಕೊಟ್ಟಿದ್ದರು. ಆ ವಿಮಾನಗಳ ದಳಕ್ಕೆ 110ನೇ ಹೈದರಾಬಾದ್ ಸ್ಕ್ವಾಡ್ರನ್ ಎಂದು ಹೆಸರಾಯಿತು. ಮುಂದೆ 1939ರ ಸೆಪ್ಟೆಂಬರ್ 3ರಂದು ಬ್ರಿಟನ್ ಜರ್ಮನಿಯ ಮೇಲೆ ಯುದ್ಧ ಸಾರಿತು. ಮರುದಿನವೇ ಜರ್ಮನಿಯ ಯುದ್ಧನೌಕೆಗಳ ಮೇಲೆ ಬಾಂಬು ಹಾಕಲು ಹೋದ ವಿಮಾನಗಳಲ್ಲಿ ಈ ಹೈದರಾಬಾದ್ ದಳದವೂ ಇದ್ದವು.

1942ರಲ್ಲಿ ಅಮೆರಿಕದ ಎಂಟನೇ ವಾಯುಪಡೆ ಇಂಗ್ಲೆಂಡಿಗೆ ಬಂದಿಳಿಯಿತು. ಅವರ ದೊಡ್ಡ ಬಾಂಬರ್‌ಗಳು ಎರಡು: ಬಿ-17 ಮತ್ತು ಬಿ-24. ಬಿ-24ಕ್ಕೆ ಲಿಬರೇಟರ್ ಎಂದು ಹೆಸರು. ಲಿಬರೇಟರ್ ಎಂದರೆ ಬಿಡುಗಡೆ ಕೊಡಿಸುವವನು. ನಾಲ್ಕು ಎಂಜಿನ್, ಒಂದು ರೆಕ್ಕೆಯ ತುದಿಯಿಂದ ಇನ್ನೊಂದು ತುದಿಗೆ 110 ಅಡಿ. ಇಂಥ ವಿಮಾನಗಳನ್ನು ಅಮೆರಿಕ 18,000ಕ್ಕೂ ಹೆಚ್ಚು ತಯಾರಿಸಿತು. ಫೋರ್ಡ್ ಕಂಪನಿಯ ಕಾರ್ಖಾನೆಯಿಂದ, ಕೆಲಸ ಬಿರುಸಾಗಿದ್ದ ದಿನಗಳಲ್ಲಿ, ತಾಸಿಗೊಂದು ವಿಮಾನ ಹೊರಬರುತ್ತಿತ್ತು.

ಒಂದು ವಿಮಾನದಲ್ಲಿ ಸಾಮಾನ್ಯವಾಗಿ ಹತ್ತು ಜನ. ಇಬ್ಬರು ಪೈಲಟ್‌ಗಳು, ದಾರಿ ಲೆಕ್ಕ ಹಾಕುವವನೊಬ್ಬ, ಬಾಂಬು ಬಿಡುವವನೊಬ್ಬ, ಎಂಜಿನ್ ನೋಡಿಕೊಳ್ಳುವವನೊಬ್ಬ, ರೇಡಿಯೊದವನೊಬ್ಬ, ಉಳಿದವರು ಮೆಷಿನ್‌ಗನ್ ಹಿಡಿದವರು. ಹೆಚ್ಚಿನವರಿಗೆ ಇಪ್ಪತ್ತರ ಆಸುಪಾಸಿನ ವಯಸ್ಸು. ನಮ್ಮ ಓಣಿಯಲ್ಲಿ ಡಿಗ್ರಿ ಓದುವ ಹುಡುಗರಿದ್ದಾರಲ್ಲ, ಅಷ್ಟೇ. ಒಬ್ಬ ಹೊಲದಿಂದ ಬಂದವನು, ಇನ್ನೊಬ್ಬ ಅಂಗಡಿಯಿಂದ ಬಂದವನು.

ಅಂಜನಾದ್ರಿಯ 575 ಮೆಟ್ಟಿಲು ಹತ್ತುವಷ್ಟರಲ್ಲಿ ನಮಗೆ ಏದುಸಿರು ಬರುತ್ತದೆ. ಇವರು ಹಾರುತ್ತಿದ್ದದ್ದು 20ರಿಂದ 25 ಸಾವಿರ ಅಡಿ ಎತ್ತರದಲ್ಲಿ. ಅಲ್ಲಿ ಉಸಿರಾಡಲು ಗಾಳಿ ಸಾಲದು. ಈಗಿನ ಪ್ರಯಾಣಿಕರ ವಿಮಾನದಂತೆ ಒಳಗೆ ಗಾಳಿ ತುಂಬಿಸುವ ವ್ಯವಸ್ಥೆಯೂ ಇರಲಿಲ್ಲ. ಮುಖಕ್ಕೆ ಆಮ್ಲಜನಕದ ಮಾಸ್ಕ್ ಕಟ್ಟಿಕೊಳ್ಳಬೇಕು. ಕೊಳವೆ ಕಿತ್ತು ಬಂದರೆ ಕೆಲವೇ ನಿಮಿಷದಲ್ಲಿ ಎಚ್ಚರ ತಪ್ಪುತ್ತಿತ್ತು. ಚಳಿ ಸೊನ್ನೆಗಿಂತ 40 ಡಿಗ್ರಿ ಕೆಳಗೆ. ಕರೆಂಟಿನಿಂದ ಬೆಚ್ಚಗಾಗುವ ಉಡುಪು ಹಾಕಿಕೊಂಡರೂ ಬೆರಳುಗಳು ಮರಗಟ್ಟುತ್ತಿದ್ದವು. ಕೈಗವಸು ತೆಗೆದು ಬಂದೂಕು ಮುಟ್ಟಿದರೆ ಚರ್ಮ ಕಬ್ಬಿಣಕ್ಕೆ ಅಂಟಿಕೊಳ್ಳುತ್ತಿತ್ತು. ಕೆಳಗಿನಿಂದ ಫಿರಂಗಿ ಗುಂಡು, ಎದುರಿನಿಂದ ಜರ್ಮನ್ ಯುದ್ಧವಿಮಾನ. ಹೀಗೆ ಆರು, ಏಳು, ಎಂಟು ತಾಸು.

ಇಷ್ಟು ಸಾರಿ ಹೋಗಿ ಬಂದರೆ ನಿನ್ನ ಸರದಿ ಮುಗಿಯಿತು, ಮನೆಗೆ ಹೋಗು ಎಂಬ ನಿಯಮವಿತ್ತು. ಮೊದಲು ಅದು 25 ಸಾರಿ. ಆಮೇಲೆ 30, ಕೊನೆಗೆ 35 ಆಯಿತು. 25 ಎಂದರೆ ಕಡಿಮೆ ಎನಿಸುತ್ತದೆಯೇ? ಬ್ಯಾಂಕಿನಲ್ಲಿ ಜೀವಮಾನವೆಲ್ಲ ಬಡ್ಡಿ ಲೆಕ್ಕ ಹಾಕಿದವನು ನಾನು. ಬನ್ನಿ, ಒಂದು ಲೆಕ್ಕ ಮಾಡೋಣ.

ಪ್ರತಿ ಸಾರಿ ನೂರಕ್ಕೆ ಐದು ವಿಮಾನ ಮರಳುವುದಿಲ್ಲ ಎಂದಿಟ್ಟುಕೊಳ್ಳಿ. ಮೊದಲ ಸಾರಿಗೆ 100ರಲ್ಲಿ 95 ಉಳಿದವು. ಎರಡನೇ ಸಾರಿ ಆ 95ರಲ್ಲಿ ನೂರಕ್ಕೆ ಐದು ಕಳೆಯಿರಿ, 90ರ ಚಿಲ್ಲರೆ. ಮೂರನೇ ಸಾರಿಗೆ ಸುಮಾರು 86. ಚಕ್ರಬಡ್ಡಿಯಲ್ಲಿ ಅಸಲು ಬೆಳೆಯುತ್ತಾ ಹೋಗುತ್ತದೆ. ಇಲ್ಲಿ ಕರಗುತ್ತಾ ಹೋಗುತ್ತದೆ. 25ನೇ ಸಾರಿ ಮುಗಿದಾಗ ಉಳಿಯುವುದು ಸುಮಾರು 28. ಬೇಕಾದರೆ ಅಜ್ಜನ ಪಕ್ಕ ಕುಳಿತು ನೀವೇ ಮಾಡಿ ನೋಡಿ.

1943ರಲ್ಲಿ ಕೆಲವು ದಾಳಿಗಳಲ್ಲಿ ಇದಕ್ಕಿಂತ ಬಹಳ ಹೆಚ್ಚು ನಷ್ಟವಾಯಿತು. ಆಗಸ್ಟ್ 1ರಂದು ರುಮೇನಿಯಾದ ಪ್ಲೊಯೆಸ್ತಿ ಎಂಬ ಊರಿನ ಎಣ್ಣೆ ಕಾರ್ಖಾನೆಗಳ ಮೇಲೆ 170ಕ್ಕೂ ಹೆಚ್ಚು ಲಿಬರೇಟರ್‌ಗಳು ಹೋದವು; 50ಕ್ಕೂ ಹೆಚ್ಚು ಹಾಳಾದವು. ಅಕ್ಟೋಬರ್ 14ರಂದು ಜರ್ಮನಿಯ ಶ್ವೈನ್‌ಫರ್ಟ್‌ಗೆ ಹೋದ ಸುಮಾರು 290 ಬಿ-17ಗಳಲ್ಲಿ 60 ಮರಳಲಿಲ್ಲ. 60 ವಿಮಾನ ಎಂದರೆ 600 ಮನೆಗಳ ಮಕ್ಕಳು. ಅವರಲ್ಲಿ ಕೆಲವರು ಪ್ಯಾರಾಚೂಟ್‌ನಲ್ಲಿ ಇಳಿದು ಸೆರೆಯಾಗಿ ಬದುಕಿಕೊಂಡರು. ಯುದ್ಧ ಮುಗಿಯುವಷ್ಟರಲ್ಲಿ ಎಂಟನೇ ವಾಯುಪಡೆಯೊಂದರಲ್ಲೇ ಸುಮಾರು 26,000 ಮಂದಿ ಸತ್ತಿದ್ದರು.

ಇನ್ನೊಂದು ಮಾತನ್ನೂ ಮರೆಯಬಾರದು. ಅವರು ಬಿಟ್ಟ ಬಾಂಬುಗಳು ಕಾರ್ಖಾನೆ, ರೈಲುದಾರಿಗಳ ಮೇಲಷ್ಟೇ ಬೀಳಲಿಲ್ಲ. ಕೆಳಗಿನ ಊರುಗಳಲ್ಲಿ ನಿಮ್ಮಂಥ ಮಕ್ಕಳೂ ನಮ್ಮಂಥ ಮುದುಕರೂ ಇದ್ದರು. ಹಿಟ್ಲರನ ಕ್ರೌರ್ಯ ನಿಲ್ಲಬೇಕಿತ್ತು, ನಿಜ. ಅದಕ್ಕೆ ತೆತ್ತ ಬೆಲೆಯ ಲೆಕ್ಕದಲ್ಲಿ ಅವರನ್ನೂ ಸೇರಿಸಬೇಕು.

ಈಗ ನಮ್ಮ ಕರ್ನಾಟಕದ ಕಥೆಗೆ ಬರೋಣ. ವಾಲ್‌ಚಂದ್ ಹೀರಾಚಂದ್ ಎಂಬ ಉದ್ಯಮಿ ಮೈಸೂರು ಸರ್ಕಾರದ ನೆರವಿನಿಂದ 1940ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ವಿಮಾನ ಕಾರ್ಖಾನೆ ಆರಂಭಿಸಿದರು. 1943ರಲ್ಲಿ ಅದರ ಆಡಳಿತ ಅಮೆರಿಕದ ವಾಯುಪಡೆಗೆ ಹೋಯಿತು. ಏಷ್ಯಾದ ರಣರಂಗದಲ್ಲಿ ಹಾರಾಡುತ್ತಿದ್ದ ಅಮೆರಿಕನ್ ವಿಮಾನಗಳು ದುರಸ್ತಿಗಾಗಿ ಅಲ್ಲಿಗೆ ಬರತೊಡಗಿದವು. ಲಿಬರೇಟರ್‌ಗಳೂ ಬಂದವು. ನಮ್ಮ ಕೆಲಸಗಾರರು ಅವುಗಳ ನಟ್ಟು ಬೋಲ್ಟು ಬಿಚ್ಚಿ ಜೋಡಿಸಿ ಕೈ ಪಳಗಿಸಿಕೊಂಡರು.

ಆ ವಿದ್ಯೆ ಮುಂದೆ ಉಪಯೋಗಕ್ಕೆ ಬಂತು. ಯುದ್ಧ ಮುಗಿದ ಮೇಲೆ ಬ್ರಿಟಿಷರು ತಮ್ಮ ಬಳಿಯಿದ್ದ ಲಿಬರೇಟರ್‌ಗಳನ್ನು, ಮತ್ತೆ ಹಾರದಂತೆ ಕೆಡಿಸಿ, ಕಾನ್ಪುರದಲ್ಲಿ ಬಿಟ್ಟು ಹೋದರು. ಗುಜರಿಗೆ ಹೋಗಬೇಕಾದ ಮಾಲು. ನಮ್ಮವರು ಅಲ್ಲಿಗೆ ಹೋಗಿ, ಒಂದರ ಭಾಗ ಇನ್ನೊಂದಕ್ಕೆ ಹಾಕಿ, ಹಾರುವಷ್ಟರ ಮಟ್ಟಿಗೆ ಸರಿಮಾಡಿದರು. ಪರೀಕ್ಷಾ ಪೈಲಟ್ ಜಮ್ಶೆಡ್ ಮುನ್ಶಿ ಅವುಗಳನ್ನು ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಅರೆಬರೆ ದುರಸ್ತಿಯಾದ ವಿಮಾನದಲ್ಲಿ ಅಷ್ಟು ದೂರ ಹಾರಲು ಎಂಥ ಗುಂಡಿಗೆ ಬೇಕು! ಬೆಂಗಳೂರಿನಲ್ಲಿ ಪೂರ್ತಿ ರಿಪೇರಿಯಾಗಿ ಸುಮಾರು 40 ಲಿಬರೇಟರ್‌ಗಳು ಭಾರತೀಯ ವಾಯುಪಡೆ ಸೇರಿದವು.

ಅವುಗಳಿಗಾಗಿ ವಾಯುಪಡೆಯ 5ನೇ ಸ್ಕ್ವಾಡ್ರನ್ ಹುಟ್ಟಿದ್ದು 1948ರ ನವೆಂಬರ್ 2ರಂದು. ಅದಕ್ಕೆ ಒಂದೂವರೆ ತಿಂಗಳ ಹಿಂದೆ, ಸೆಪ್ಟೆಂಬರ್ 17ರಂದು, ನಮ್ಮ ಭಾಗಕ್ಕೆ ನಿಜಾಮರ ಆಳ್ವಿಕೆಯಿಂದ ಬಿಡುಗಡೆ ಸಿಕ್ಕಿತ್ತು. ಲಿಬರೇಟರ್‌ಗಳು 1968ರ ಕೊನೆಯವರೆಗೆ ನಮ್ಮಲ್ಲಿ ಹಾರಿದವು. ಬೇರೆ ದೇಶಗಳಲ್ಲಿ ಆ ವೇಳೆಗೆ ಅವು ಹೆಚ್ಚುಕಡಿಮೆ ಗುಜರಿಯಾಗಿದ್ದವು. ಆದ್ದರಿಂದ ಬ್ರಿಟನ್, ಕೆನಡಾ, ಅಮೆರಿಕದ ವಸ್ತುಸಂಗ್ರಹಾಲಯಗಳು ಭಾರತದಿಂದ ಒಂದೊಂದನ್ನು ತರಿಸಿಕೊಂಡವು. ಇವತ್ತು ಅಮೆರಿಕದ ಅರಿಜೋನಾದಲ್ಲಿ ಮೊಮ್ಮಕ್ಕಳಿಗೆ "ನಮ್ಮಪ್ಪ ಇಂಥದ್ದರಲ್ಲಿ ಹೋಗಿದ್ದ" ಎಂದು ಅಲ್ಲಿನ ಅಜ್ಜ ತೋರಿಸುವ ಲಿಬರೇಟರ್, ನಮ್ಮ ಬೆಂಗಳೂರಿನ ಕೆಲಸಗಾರರು ಉಳಿಸಿಕೊಟ್ಟದ್ದು.