'ಅಂದುಕೊಳ್ಳುವ' ಕ್ರಿಯಾಪದದೊಳಗೆ

ಸ್ಪ್ಯಾನಿಷ್ ಕಲಿಯುವವರಿಗೆ ಬೇಗನೆ ಎದುರಾಗುವ ಕ್ರಿಯಾಪದ 'ಕ್ರೆಯೆರ್'. ದೇವರನ್ನು ನಂಬುವುದಕ್ಕೂ ಇದೇ, ಬಸ್ಸು ಬರಬಹುದು ಎನ್ನುವುದಕ್ಕೂ ಇದೇ. 'ಕ್ರೆಯೊ ಎನ್ ದ್ಯೋಸ್' ಎಂದರೆ ದೇವರಲ್ಲಿ ನಂಬಿಕೆಯಿದೆ ಎಂದು. 'ಕ್ರೆಯೊ ಕೆ ಸಿ' ಎಂದರೆ 'ಹೌದು ಅನಿಸುತ್ತೆ', ಅಷ್ಟೆ. ('ಕ್ರೆಯೊ' ಎಂದರೆ 'ಸೃಷ್ಟಿಸುತ್ತೇನೆ' ಎಂದೂ ಆಗುತ್ತದೆ. ಅದು ಬೇರೆ ಕ್ರಿಯಾಪದದ ರೂಪ, ಸಂದರ್ಭ ನೋಡಿಯೇ ತಿಳಿಯಬೇಕು.)

ಕಲಿಯುವವರು ಎಡವುವುದು ಇದರ ಪಕ್ಕದ ಕ್ರಿಯಾಪದದಲ್ಲಿ. ಹ್ವಾನ್ ಬರುತ್ತಾನೆ ಅನಿಸಿದರೆ 'ಕ್ರೆಯೊ ಕೆ ಬ್ಯೆನೆ'. ಬರುತ್ತಾನೆ ಅನಿಸದಿದ್ದರೆ 'ನೊ ಕ್ರೆಯೊ ಕೆ ಬೆಂಗಾ'. 'ಇಲ್ಲ' ಸೇರಿದ್ದು ಮೊದಲ ಕ್ರಿಯಾಪದಕ್ಕೆ, ರೂಪ ಬದಲಾಗಿದ್ದು ಎರಡನೆಯದಕ್ಕೆ! 'ಬೆಂಗಾ' ಸಂಭಾವನಾರ್ಥಕ (ಸಬ್ಜಂಕ್ಟಿವ್) ರೂಪ; ಹೇಳುವವರು ಆ ಮಾತಿನ ಹೊಣೆ ಹೊರುತ್ತಿಲ್ಲ. ಇದು ಉರುಹೊಡೆದು ಮುಗಿಸುವ ನಿಯಮವಲ್ಲ. ಹ್ವಾನ್‌ಗೆ ಹುಷಾರಿಲ್ಲವೆಂದು ಮರಿಯಾ ನಂಬುವುದಿಲ್ಲ, ಆದರೆ ನನಗೆ ಗೊತ್ತು ಅವನಿಗೆ ನಿಜಕ್ಕೂ ಹುಷಾರಿಲ್ಲ ಎಂದಿಟ್ಟುಕೊಳ್ಳಿ. ಆಗ 'ನೊ ಕ್ರೆಯೆ' ಆದಮೇಲೂ ನಾನು ಸಾಮಾನ್ಯ ರೂಪವನ್ನೇ ಬಳಸಬಹುದು. ಅವಳ ಅನುಮಾನ, ನನ್ನ ಖಾತ್ರಿ ಎರಡೂ ಒಂದೇ ವಾಕ್ಯದಲ್ಲಿ ಕೂರುತ್ತವೆ.

ಇನ್ನೊಂದು ಪುಟ್ಟ ಪದ 'ಸೆ'. 'ಸೆ ಕ್ರೆಯೆ ಮುಯ್ ಲಿಸ್ತೊ' ಎಂದರೆ ತಾನು ಮಹಾ ಜಾಣ ಅಂದುಕೊಂಡಿದ್ದಾನೆ. ಅಲ್ಲ ಎಂಬುದು ಹೇಳುವವರ ಅಭಿಪ್ರಾಯ. ಕನ್ನಡದ 'ಕೊಂಡಿದ್ದಾನೆ'ಯಲ್ಲೂ ಅದೇ ಕುಟುಕು ಇದೆಯಲ್ಲ!

ಮನೋವಿಜ್ಞಾನಿಗಳ ಕಣ್ಣು ಬಿದ್ದದ್ದು ಈ ಕುಟುಕಿನ ಹಿಂದಿರುವ ತಪ್ಪು ನಂಬಿಕೆಯ ಮೇಲೆ. 1983ರಲ್ಲಿ ವಿಮ್ಮರ್ ಮತ್ತು ಪೆರ್ನರ್ ಮಕ್ಕಳಿಗೊಂದು ಕಥೆ ಹೇಳಿದರು: ಮ್ಯಾಕ್ಸಿ ಚಾಕೊಲೇಟ್ ಇಟ್ಟು ಆಚೆ ಹೋದಾಗ ಅಮ್ಮ ಅದನ್ನು ಬೇರೆ ಕಪಾಟಿಗೆ ಸರಿಸುತ್ತಾಳೆ. ಮರಳಿ ಬಂದ ಮ್ಯಾಕ್ಸಿ ಎಲ್ಲಿ ಹುಡುಕುತ್ತಾನೆ? ಮೂರು ವರ್ಷದವರು ಚಾಕೊಲೇಟ್ ನಿಜವಾಗಿ ಇರುವ ಕಪಾಟನ್ನೇ ತೋರಿಸುತ್ತಾರೆ. ಇನ್ನೊಬ್ಬರ ತಲೆಯಲ್ಲಿ ತಪ್ಪು ತಿಳಿವಳಿಕೆ ಇರಬಹುದೆಂಬುದು ಅವರಿಗೆ ಇನ್ನೂ ಹೊಳೆದಿರುವುದಿಲ್ಲ.

ತಪ್ಪು ನಂಬಿಕೆಗೆಂದೇ ಪದವಿರುವ ಭಾಷೆಯ ಮಕ್ಕಳಿಗೆ ಇದು ಸುಲಭವೇ? ಮೆರಿಲಿನ್ ಶಾಟ್ಜ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಂಥ ಪದವಿರುವ ಪ್ಯೂರ್ಟೊ ರಿಕೊದ ಸ್ಪ್ಯಾನಿಷ್ ಮತ್ತು ಟರ್ಕಿಷ್ ಒಂದು ಕಡೆ, ಅದಿಲ್ಲದ ಇಂಗ್ಲಿಷ್ ಮತ್ತು ಬ್ರೆಜಿಲ್‌ನ ಪೋರ್ಚುಗೀಸ್ ಇನ್ನೊಂದು ಕಡೆ. ಅಂಥ ಪದ ಬಳಸಿ ಪ್ರಶ್ನೆ ಕೇಳಿದಲ್ಲಿ ಮೊದಲ ಗುಂಪಿನ ಮಕ್ಕಳು ಮುಂದಿದ್ದರು. ಆ ಮುನ್ನಡೆ ಉಳಿದ ಪ್ರಶ್ನೆಗಳಿಗೆ ಹಬ್ಬಲಿಲ್ಲ. ಎಲ್ಲ ಪ್ರಶ್ನೆಗಳಲ್ಲೂ ಎದ್ದು ಕಂಡದ್ದು ಮನೆಯ ಸಾಮಾಜಿಕ, ಆರ್ಥಿಕ ಸ್ಥಿತಿಯ ಪ್ರಭಾವ.