ಜೂಜೂ ಅಲ್ಲ, ಒಂಟಿ ಆಟವೂ ಅಲ್ಲ

‘ಆನ್‌ಲೈನ್ ಗೇಮ್ ಆಡ್ತಿದೀನಿ’ ಎಂದು ಮಗ ಹೇಳಿದರೆ ಕರ್ನಾಟಕದ ಅನೇಕ ಅಪ್ಪ-ಅಮ್ಮಂದಿರ ಎದೆ ಧಸಕ್ಕೆನ್ನುತ್ತದೆ. ಅದಕ್ಕೆ ಕಾರಣವೂ ಇದೆ. ಆ ಹೆಸರಿನಲ್ಲಿ ಪತ್ರಿಕೆಗಳಿಗೆ ಬರುವ ಸುದ್ದಿಯೆಲ್ಲ ಹೆಚ್ಚಾಗಿ ರಮ್ಮಿಯದು, ಬೆಟ್ಟಿಂಗಿನದು, ಸಾಲದಲ್ಲಿ ಮುಳುಗಿದ ಮನೆಗಳದು. ಹೀಗಾಗಿ ಪ್ಲೇಸ್ಟೇಷನ್ ಮುಂದೆ ಕೂತು ಫೈನಲ್ ಫ್ಯಾಂಟಸಿ 14ರಲ್ಲಿ ಊರೂರು ಅಲೆಯುವ ಹುಡುಗಿಯೂ, ಮೊಬೈಲಿನಲ್ಲಿ ಹಣ ಕಟ್ಟಿ ಇಸ್ಪೀಟು ಆಡುವವನೂ ಒಂದೇ ಸಾಲಿಗೆ ಬಂದುಬಿಟ್ಟಿದ್ದಾರೆ.

ಕಾನೂನು ಇವರಿಬ್ಬರನ್ನು ಬೇರೆ ಬೇರೆಯಾಗಿಯೇ ನೋಡುತ್ತದೆ. 2021ರಲ್ಲಿ ರಾಜ್ಯ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಪಣಕ್ಕಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರುವರಿ 14ರಂದು ಹೈಕೋರ್ಟ್ ಅದರ ಮುಖ್ಯ ಅಂಶಗಳನ್ನು ರದ್ದುಪಡಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಇಡೀ ದೇಶಕ್ಕೆ ಒಂದು ಗೆರೆ ಎಳೆದಿದೆ. ಹಣ ಗೆಲ್ಲುವ ಆಸೆಯಿಂದ ಹಣ ಕಟ್ಟಿ ಆಡುವ ಆಟ, ಅದು ಜಾಣ್ಮೆಯದಾಗಲಿ ಅದೃಷ್ಟದ್ದಾಗಲಿ, ನಿಷಿದ್ಧ. ಇ-ಸ್ಪೋರ್ಟ್ಸ್ ಮತ್ತು ಮನರಂಜನೆಯ ಆಟಗಳಿಗೆ ಅದೇ ಕಾಯ್ದೆ ಮಾನ್ಯತೆ ಕೊಟ್ಟಿದೆ. ತಿಂಗಳಿಗಿಷ್ಟು ಚಂದಾ ಕಟ್ಟಿ ಒಳಗೆ ಹೋಗುವ ಪಾತ್ರಾಭಿನಯದ ಆಟದಲ್ಲಿ ಗೆದ್ದು ಮನೆಗೆ ತರುವ ದುಡ್ಡು ಇರುವುದೇ ಇಲ್ಲ. ಅಲ್ಲಿ ಸಿಗುವುದು ಲೆವೆಲ್, ಕತ್ತಿ, ಕವಚ, ಹತ್ತಾರು ಮಂದಿಯ ಸಹವಾಸ.

ಎರಡನೆಯ ತಪ್ಪು ಕಲ್ಪನೆ ಗೇಮರ್‌ಗಳ ನಡುವೆಯೇ ಇದೆ. ಆನ್‌ಲೈನ್ ಆರ್‌ಪಿಜಿ (ಪಾತ್ರಾಭಿನಯದ ಆಟ) ಅಂದರೆ ಕೀಬೋರ್ಡ್-ಮೌಸ್ ಇರುವ ಪಿಸಿಯ ಸೊತ್ತು, ಪ್ಲೇಸ್ಟೇಷನ್ನಿನಂಥ ಕನ್ಸೋಲ್ ಏನಿದ್ದರೂ ಕ್ರಿಕೆಟ್, ಫುಟ್‌ಬಾಲ್, ಕಾರ್ ರೇಸಿಗೆ ಎನ್ನುವ ವಾದ ಅದು. ಬೇರು ಕಂಪ್ಯೂಟರಿನಲ್ಲಿ ಇರುವುದು ನಿಜ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಶುರು ಮಾಡಿ ರಿಚರ್ಡ್ ಬಾರ್ಟಲ್ ಮುಂದುವರಿಸಿದ ‘ಮಡ್’ ಎಂಬ ಆಟದಲ್ಲಿ ಚಿತ್ರವೇ ಇರಲಿಲ್ಲ. ಕೋಣೆಯ ವರ್ಣನೆ ಅಕ್ಷರದಲ್ಲಿ ಮೂಡುತ್ತಿತ್ತು, ‘ಉತ್ತರಕ್ಕೆ ಹೋಗು’ ಎಂದು ಟೈಪ್ ಮಾಡಿದರೆ ಪಾತ್ರ ನಡೆಯುತ್ತಿತ್ತು. ಇಂಥ ಆಟ ಮೊನ್ನೆ ಮೊನ್ನೆ ಬಂದ ಹುಚ್ಚು ಎಂದುಕೊಂಡವರು ಈ ಇಸವಿಯನ್ನು ಗಮನಿಸಬೇಕು. 1997ರ ಅಲ್ಟಿಮಾ ಆನ್‌ಲೈನ್, 1998ರ ಕೊರಿಯಾದ ಲಿನಿಯೇಜ್, 1999ರ ಎವರ್‌ಕ್ವೆಸ್ಟ್ ಎಲ್ಲವೂ ಕಂಪ್ಯೂಟರಿನವೇ.

ಆದರೆ ಕನ್ಸೋಲ್ ತಡಮಾಡಲಿಲ್ಲ. 2000ದ ಡಿಸೆಂಬರ್‌ನಲ್ಲಿ ಜಪಾನಿನ ಸೆಗಾ ಕಂಪನಿ ಡ್ರೀಮ್‌ಕಾಸ್ಟ್ ಯಂತ್ರಕ್ಕೆ ‘ಫ್ಯಾಂಟಸಿ ಸ್ಟಾರ್ ಆನ್‌ಲೈನ್’ ಬಿಡುಗಡೆ ಮಾಡಿತು. ಯಂತ್ರದೊಳಗೇ ಇದ್ದ ಡಯಲ್-ಅಪ್ ಮೋಡೆಮ್ ಮೂಲಕ ನಾಲ್ವರು ಒಂದು ತಂಡ ಕಟ್ಟಿ ಆಡಬಹುದಿತ್ತು. ಅದರಲ್ಲಿದ್ದ ಒಂದು ಸೌಕರ್ಯವನ್ನು ಇಂದಿಗೂ ಮೆಚ್ಚಬೇಕು. ಸಿದ್ಧವಾಗಿರುವ ನುಡಿಗಳ ಪಟ್ಟಿಯಿಂದ ಆರಿಸಿ ಒಂದು ಮಾತು ಜೋಡಿಸಿದರೆ, ಎದುರಿನವರ ಪರದೆಯ ಮೇಲೆ ಅದು ಅವರವರ ಭಾಷೆಯಲ್ಲೇ ಮೂಡುತ್ತಿತ್ತು. ಜಪಾನಿ, ಇಂಗ್ಲಿಷ್, ಫ್ರೆಂಚ್, ಜರ್ಮನ್, ಸ್ಪ್ಯಾನಿಷ್, ಹೀಗೆ ಐದು ಭಾಷೆ. ಒಸಾಕಾದ ಹುಡುಗ ಮತ್ತು ಪ್ಯಾರಿಸ್ಸಿನ ಹುಡುಗಿ ಒಬ್ಬರ ನುಡಿ ಇನ್ನೊಬ್ಬರಿಗೆ ಬಾರದೆಯೂ ಒಟ್ಟಿಗೆ ರಾಕ್ಷಸರನ್ನು ಹೊಡೆಯಬಹುದಿತ್ತು.

2002ರ ಮೇ ತಿಂಗಳಲ್ಲಿ ಬಂದ ಫೈನಲ್ ಫ್ಯಾಂಟಸಿ 11 ಮೊದಲು ಕಾಲಿಟ್ಟದ್ದೇ ಪ್ಲೇಸ್ಟೇಷನ್ 2ರಲ್ಲಿ, ಅದೂ ಪ್ರತ್ಯೇಕ ಹಾರ್ಡ್ ಡಿಸ್ಕ್ ಜೋಡಿಸಿಕೊಂಡು. ಆಮೇಲೆ ಪಿಸಿ, 2006ರಲ್ಲಿ ಎಕ್ಸ್‌ಬಾಕ್ಸ್ 360. ಮೂರೂ ಯಂತ್ರದವರು ಒಂದೇ ಸರ್ವರ್‌ನಲ್ಲಿ ಕೂಡಿ ಆಡಿದರು. ಬೇರೆ ಬೇರೆ ಕಂಪನಿಗಳ ಯಂತ್ರದವರು ಒಟ್ಟಿಗೆ ಆಡುವುದನ್ನು ಈಚಿನ ಸಾಧನೆಯೆಂಬಂತೆ ಮಾರುವವರಿಗೆ ಈ ಇತಿಹಾಸ ನೆನಪಿಸಬೇಕು. ಪ್ಲೇಸ್ಟೇಷನ್ 2 ಮತ್ತು ಎಕ್ಸ್‌ಬಾಕ್ಸ್ 360ರಲ್ಲಿ ಆ ಆಟ 2016ರ ಮಾರ್ಚ್‌ವರೆಗೂ ನಡೆಯಿತು.

‘ಕಂಟ್ರೋಲರ್‌ನಲ್ಲಿ ಇರೋದೇ ಹತ್ತು-ಹದಿನೈದು ಬಟನ್, ಮೂವತ್ತು ಮಂತ್ರ ಎಲ್ಲಿ ಹಾಕ್ತೀರಿ?’ ಎಂಬ ಪ್ರಶ್ನೆಗೂ ಉತ್ತರ ಸಿಕ್ಕಾಗಿದೆ. ಫೈನಲ್ ಫ್ಯಾಂಟಸಿ 14ರಲ್ಲಿ ಎಡಗೈ ಬೆರಳು ಎಲ್2 ಒತ್ತಿ ಹಿಡಿದರೆ ನಾಲ್ಕು ದಿಕ್ಕಿನ ಬಟನ್, ನಾಲ್ಕು ಆಕಾರದ ಬಟನ್ ಸೇರಿ ಎಂಟು ವಿದ್ಯೆಗಳು ಎದ್ದು ನಿಲ್ಲುತ್ತವೆ. ಆರ್2 ಹಿಡಿದರೆ ಇನ್ನೆಂಟು. ಆರ್1 ಒತ್ತಿದರೆ ಇಡೀ ಸಾಲೇ ಬದಲು. ಇದು ಕೈಗೆ ಕೂತ ಮೇಲೆ ಕಣ್ಣು ಬಟನ್ ಹುಡುಕುವುದಿಲ್ಲ, ಯುದ್ಧವನ್ನು ನೋಡುತ್ತದೆ. ಪಿಸಿಯಲ್ಲಿ ಆಡುವವರಲ್ಲೂ ಕಂಟ್ರೋಲರ್ ಹಿಡಿಯುವವರಿದ್ದಾರೆ. ಇನ್ನು, ‘ಕನ್ಸೋಲ್ ಅಂದ್ರೆ ಬಡವರ ಕಂಪ್ಯೂಟರ್’ ಎಂಬ ಮೂದಲಿಕೆಗೆ ಆಧಾರವೇ ಉಳಿದಿಲ್ಲ. ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಎರಡರ ಒಳಗೂ ಇರುವುದು ಎಎಮ್‌ಡಿ ಕಂಪನಿಯ ಝೆನ್ 2 ಮತ್ತು ಆರ್‌ಡಿಎನ್‌ಎ 2 ಕುಲದ ಚಿಪ್‌ಗಳು. ಅದೇ ಕುಲದವು ಪಿಸಿಯಲ್ಲೂ ಇವೆ.

ಹಾಗೆಂದು ಕನ್ಸೋಲ್ ಅಗ್ಗ ಎಂದೂ ಅಂದುಕೊಳ್ಳಬಾರದು. ಭಾರತದಲ್ಲಿ ಪ್ಲೇಸ್ಟೇಷನ್ 5 ಬಂದದ್ದು 2021ರ ಫೆಬ್ರುವರಿ 2ರಂದು, 49,990 ರೂಪಾಯಿಗೆ. ಮರುವರ್ಷದ ನವೆಂಬರ್‌ನಲ್ಲಿ ಅದು 54,990 ಆಯಿತು. ಯಂತ್ರ ಮಾರಿ ಲಾಭ ಮಾಡುವುದು ಕಂಪನಿಗಳ ಮುಖ್ಯ ದಾರಿಯಲ್ಲ. 2021ರಲ್ಲಿ ಅಮೆರಿಕದ ನ್ಯಾಯಾಲಯದಲ್ಲಿ, ಗೇಮ್ ಕಂಪನಿ ಎಪಿಕ್ ಮತ್ತು ಆ್ಯಪಲ್ ನಡುವಿನ ಮೊಕದ್ದಮೆಯ ವೇಳೆ, ಎಕ್ಸ್‌ಬಾಕ್ಸ್ ಯಂತ್ರದ ಮಾರಾಟದಿಂದ ತಮಗೆ ಎಂದೂ ಲಾಭವಾಗಿಲ್ಲ ಎಂದು ಮೈಕ್ರೋಸಾಫ್ಟ್‌ನ ಅಧಿಕಾರಿಯೇ ಸಾಕ್ಷಿ ನುಡಿದರು. ಲಾಭ ಬರುವುದು ಆಟದ ಮಾರಾಟದಲ್ಲಿ, ಅಂಗಡಿಯ ಕಮಿಷನ್ನಿನಲ್ಲಿ, ಚಂದಾದಲ್ಲಿ. ಆದ್ದರಿಂದ ಯಂತ್ರ ಕೊಳ್ಳುವ ಮುಂಚೆ ವರ್ಷದ ಲೆಕ್ಕ ಹಾಕಬೇಕು. ಚಂದಾ ಇರುವ ಕಡೆಯೂ ನಿಯಮ ಒಂದೇ ಇಲ್ಲ. ಫೈನಲ್ ಫ್ಯಾಂಟಸಿ 14ಕ್ಕೆ ಅದರದೇ ತಿಂಗಳ ಚಂದಾ ಇದೆ, ಆದರೆ ಅದನ್ನು ಆಡಲು ಪ್ಲೇಸ್ಟೇಷನ್ನಿನ ಪ್ರತ್ಯೇಕ ಚಂದಾ ‘ಪ್ಲೇಸ್ಟೇಷನ್ ಪ್ಲಸ್’ ಬೇಕಿಲ್ಲ. ಇದು ಗೊತ್ತಿಲ್ಲದೆ ಎರಡಕ್ಕೂ ಕಟ್ಟುವವರು ದುಡ್ಡು ಸುಮ್ಮನೆ ಕಳೆದುಕೊಳ್ಳುತ್ತಾರೆ.

ಇಂಟರ್ನೆಟ್ ವೇಗದ ಬಗ್ಗೆಯೂ ಇಂಥದೇ ಗೊಂದಲ. ‘ಇನ್ನೂರು ಎಂಬಿಪಿಎಸ್ ಹಾಕಿಸಿದ್ದೀನಿ, ಆದ್ರೂ ಲ್ಯಾಗ್, ಆಟ ತಡವರಿಸುತ್ತೆ’ ಎನ್ನುವವರು ಸಿಗುತ್ತಾರೆ. ಕಾಡು, ಕೋಟೆ, ಕುದುರೆ ಎಲ್ಲದರ ಚಿತ್ರವೂ ಯಂತ್ರದ ಡಿಸ್ಕ್‌ನಲ್ಲೇ ಇರುತ್ತದೆ. ಆಡುವಾಗ ತಂತಿಯಲ್ಲಿ ಹರಿಯುವುದು ಯಾರು ಎಲ್ಲಿದ್ದಾರೆ, ಏನು ಮಾಡಿದರು ಎಂಬ ಪುಟ್ಟ ಸುದ್ದಿ ಮಾತ್ರ. ಆ ಸುದ್ದಿ ಹೋಗಿಬರಲು ಹಿಡಿಯುವ ಸಮಯವೇ ಪಿಂಗ್. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. ಬೆಂಗಳೂರಿನಿಂದ ಸಿಂಗಪುರ ಸುಮಾರು 3,200 ಕಿಲೋಮೀಟರ್. ನೇರ ಗೆರೆಯಲ್ಲೇ ಕೇಬಲ್ ಎಳೆದಿದ್ದರೂ ಹೋಗಿಬರಲು 32 ಮಿಲಿಸೆಕೆಂಡ್ ಬೇಕೇ ಬೇಕು. ಸರ್ವರ್ ಯುರೋಪಿನಲ್ಲಿದ್ದರೆ ಅದರ ಎರಡು ಪಟ್ಟಿಗಿಂತ ಹೆಚ್ಚು. ಎಷ್ಟು ದುಬಾರಿ ಪ್ಲಾನ್ ಹಾಕಿಸಿದರೂ ಈ ದೂರ ಕರಗುವುದಿಲ್ಲ. ಸಮಾಧಾನದ ಸಂಗತಿಯೆಂದರೆ, ಗುಂಡು ಹಾರಿಸುವ ಆಟಗಳಷ್ಟು ಚುರುಕು ಇಲ್ಲಿ ಬೇಕಿಲ್ಲ. ಓಲ್ಡ್ ಸ್ಕೂಲ್ ರೂನ್‌ಸ್ಕೇಪ್‌ನ ಲೋಕ 0.6 ಸೆಕೆಂಡಿಗೊಮ್ಮೆ ಮಾತ್ರ ಮಿಡಿಯುತ್ತದೆ. ಹೀಗಾಗಿ ದೂರದ ಸರ್ವರ್‌ನಲ್ಲೂ ನಮ್ಮವರು ಆರಾಮಾಗಿ ಆಡಬಹುದು.

ಎಲ್ಲಕ್ಕಿಂತ ಆಳವಾಗಿ ಬೇರೂರಿದ ನಂಬಿಕೆ ಬೇರೆ. ಕತ್ತಲ ಕೋಣೆ, ಒಬ್ಬನೇ ಹುಡುಗ, ಸ್ನೇಹಿತರಿಲ್ಲ.

2008ರಲ್ಲಿ ಡಿಮಿಟ್ರಿ ವಿಲಿಯಮ್ಸ್, ನಿಕ್ ಯೀ, ಸ್ಕಾಟ್ ಕ್ಯಾಪ್ಲನ್ ಎಂಬ ಮೂವರು ಸಂಶೋಧಕರು ಎವರ್‌ಕ್ವೆಸ್ಟ್ 2 ಆಡುವ ಸುಮಾರು 7,000 ಮಂದಿಯ ಅಧ್ಯಯನ ಪ್ರಕಟಿಸಿದರು. ಆಟಗಾರರು ಹೇಳಿದ್ದನ್ನಷ್ಟೇ ನಂಬದೆ ಸರ್ವರ್‌ನ ದಾಖಲೆಯನ್ನೂ ಪಕ್ಕದಲ್ಲಿಟ್ಟು ನೋಡಿದ್ದು ಅದರ ವಿಶೇಷ. ಸರಾಸರಿ ವಯಸ್ಸು 31. ಹೆಂಗಸರ ಸಂಖ್ಯೆ ಕಡಿಮೆ, ಆದರೆ ವಾರದಲ್ಲಿ ಗಂಡಸರಿಗಿಂತ ಹೆಚ್ಚು ಹೊತ್ತು ಆಡುತ್ತಿದ್ದವರು ಅವರೇ. ಮೈಭಾರದಲ್ಲಿ ಈ ಆಟಗಾರರು ಸಾಮಾನ್ಯ ಅಮೆರಿಕನ್ನರಿಗಿಂತ ಮೇಲಾಗಿದ್ದರು, ಖಿನ್ನತೆಯ ವಿಷಯದಲ್ಲಿ ಮಾತ್ರ ಅವರ ಸ್ಥಿತಿ ಸಾಮಾನ್ಯರಿಗಿಂತ ಕೆಟ್ಟದಾಗಿತ್ತು. ಈ ಕೊನೆಯ ಅಂಶವನ್ನು ಆಟದ ಅಭಿಮಾನಿಗಳು ಬಚ್ಚಿಡಬಾರದು. ಆಟದಿಂದ ಖಿನ್ನತೆ ಬಂತೋ, ಖಿನ್ನತೆಯಲ್ಲಿದ್ದವರು ಆಸರೆ ಹುಡುಕಿ ಆಟಕ್ಕೆ ಬಂದರೋ ಎಂಬುದನ್ನು ಅಂಥ ಒಂದು ಸಮೀಕ್ಷೆಯಿಂದ ಹೇಳಲಾಗದು.

ಒಂದು ರೇಡ್, ಅಂದರೆ ತಂಡ ಕಟ್ಟಿ ದೊಡ್ಡ ರಾಕ್ಷಸನನ್ನು ಎದುರಿಸುವ ಕಾಳಗ, ಹೇಗೆ ನಡೆಯುತ್ತದೆಂದು ಹತ್ತಿರದಿಂದ ನೋಡಿದರೆ ‘ಒಂಟಿ ಆಟ’ ಎಂಬ ಮಾತು ನಿಲ್ಲುವುದಿಲ್ಲ. ಫೈನಲ್ ಫ್ಯಾಂಟಸಿ 14ರ ರೇಡ್‌ನಲ್ಲಿ ಎಂಟು ಜನ. ಇಬ್ಬರು ಟ್ಯಾಂಕ್, ರಾಕ್ಷಸನ ಸಿಟ್ಟನ್ನೆಲ್ಲ ತಮ್ಮ ಕಡೆ ಸೆಳೆದುಕೊಂಡು ಏಟು ತಿನ್ನುವವರು. ಇಬ್ಬರು ಹೀಲರ್, ಎಲ್ಲರ ಜೀವ ಉಳಿಸುವವರು. ನಾಲ್ವರು ಹೊಡೆಯುವವರು. ನೆಲದ ಮೇಲೆ ಕಿತ್ತಳೆ ಬಣ್ಣದ ವೃತ್ತ ಮೂಡಿದಾಗ ಒಬ್ಬ ತಪ್ಪು ಜಾಗದಲ್ಲಿ ನಿಂತರೂ ಎಂಟೂ ಮಂದಿ ಬಿದ್ದು ಮೊದಲಿಂದ ಶುರುಮಾಡಬೇಕಾಗಬಹುದು. ಇದನ್ನು ಮಧ್ಯೆ ತಡೆದು ನಿಲ್ಲಿಸುವ ಬಟನ್ ಇಲ್ಲ. ಅಡುಗೆಮನೆಯಿಂದ ‘ಊಟಕ್ಕೆ ಬಾರೋ’ ಎಂದು ಅಮ್ಮ ಕೂಗಿದಾಗ ಮಗ ಏಳದಿರುವುದಕ್ಕೆ ಎಷ್ಟೋ ಸಲ ಕಾರಣ ಇಷ್ಟೇ. ಹೀಲರ್ ಎದ್ದು ಹೋದರೆ ಮಿಕ್ಕ ಏಳು ಮಂದಿಯ ಸಂಜೆ ಹಾಳು.

ನಾರ್ವೆಯ ಮಾಟ್ಸ್ ಸ್ಟೀನ್‌ನ ಕಥೆ ಈ ವಿಷಯದಲ್ಲಿ ಎಲ್ಲರೂ ತಿಳಿಯಬೇಕಾದದ್ದು. ಡುಶೆನ್ ಎಂಬ ಸ್ನಾಯುಕ್ಷಯದ ಕಾಯಿಲೆ ಅವನನ್ನು ಗಾಲಿಕುರ್ಚಿಗೆ ಸೇರಿಸಿತ್ತು. ಕೈಬೆರಳುಗಳ ಶಕ್ತಿ ಕುಂದಿದಂತೆ ವಿಶೇಷ ಸಲಕರಣೆ ಜೋಡಿಸಿಕೊಂಡು ಅವನು ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಡುತ್ತಿದ್ದ. ಅಲ್ಲಿ ಅವನ ಹೆಸರು ಇಬೆಲಿನ್, ಅವನ ಗಿಲ್ಡ್ (ಆಟಗಾರರ ಬಳಗ) ಸ್ಟಾರ್‌ಲೈಟ್. ಮಗ ಸ್ನೇಹ-ಪ್ರೀತಿ ಏನೂ ಕಾಣದೆ ಬದುಕು ಕಳೆಯುತ್ತಿದ್ದಾನೆಂದು ತಂದೆತಾಯಿ ಕೊರಗುತ್ತಿದ್ದರು. 2014ರ ನವೆಂಬರ್‌ನಲ್ಲಿ, 25ನೇ ವಯಸ್ಸಿನಲ್ಲಿ, ಅವನು ತೀರಿಕೊಂಡ. ಅವನು ಬರೆಯುತ್ತಿದ್ದ ಬ್ಲಾಗಿನಲ್ಲಿ ತಂದೆ ಸಾವಿನ ಸುದ್ದಿ ಹಾಕಿ ತಮ್ಮ ಇಮೇಲ್ ವಿಳಾಸ ಕೊಟ್ಟರು. ಪತ್ರಗಳು ಬರತೊಡಗಿದವು. ತಮ್ಮ ಕಷ್ಟಕಾಲದಲ್ಲಿ ಇಬೆಲಿನ್ ಹೇಗೆ ಕಿವಿಗೊಟ್ಟ, ಮುರಿದ ಸಂಬಂಧ ಹೇಗೆ ಕೂಡಿಸಿದ ಎಂದು ಬೇರೆ ಬೇರೆ ದೇಶದವರು ಬರೆದರು. ಕೆಲವರು ದೇಶ ದಾಟಿ ಅಂತ್ಯಕ್ರಿಯೆಗೂ ಬಂದರು. ಬೆಂಜಮಿನ್ ರೀ ಈ ಬದುಕನ್ನು ಸಾಕ್ಷ್ಯಚಿತ್ರವಾಗಿಸಿದರು. ಅದು 2024ರ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆಯಿತು. ಆ ಗೆಳೆತನವನ್ನು ಸುಳ್ಳೆಂದು ಕರೆಯಲು ಯಾರಿಗೂ ಬಾಯಿ ಬರಲಾರದು.

ಹಾಗಾದರೆ ಭಯಪಡುವಂಥದ್ದು ಏನೂ ಇಲ್ಲವೇ? ಇದೆ, ಆದರೆ ಜನ ಹುಡುಕುವ ಜಾಗದಲ್ಲಿಲ್ಲ. ‘ಚಂದಾ ಕಟ್ಟುವ ಆಟ ಬೇಡ, ಫ್ರೀ ಆಟ ಆಡಿಕೋ’ ಎಂದು ಮಕ್ಕಳಿಗೆ ಹೇಳುವ ದೊಡ್ಡವರು ಒಳ್ಳೆಯ ಮನಸ್ಸಿನಿಂದಲೇ ತಪ್ಪು ದಾರಿ ತೋರುತ್ತಾರೆ. 2020ರ ಸೆಪ್ಟೆಂಬರ್‌ನಲ್ಲಿ ಬಂದ ಗೆನ್‌ಶಿನ್ ಇಂಪ್ಯಾಕ್ಟ್ ಆಡಲು ಒಂದು ಪೈಸೆಯೂ ಬೇಡ. ಆದರೆ ಹೊಸ ಪಾತ್ರ ಬೇಕೆಂದರೆ ಲಾಟರಿಯಂಥ ‘ಗಾಚಾ’ ಎಳೆಯಬೇಕು. ಐದು ನಕ್ಷತ್ರದ ಪಾತ್ರ ಸಿಗುವ ಮೂಲ ಸಂಭವ ಶೇ 0.6. 90ನೇ ಎಳೆತದಲ್ಲಿ ಐದು ನಕ್ಷತ್ರದ್ದು ಖಚಿತ, ಅದು ಬಯಸಿದ ಪಾತ್ರವೇ ಆಗಬೇಕೆಂದಿಲ್ಲ. 2025ರ ಜನವರಿಯಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಹೂಡಿದ ಪ್ರಕರಣದಲ್ಲಿ ಇದರ ಪ್ರಕಾಶಕರು 2 ಕೋಟಿ ಡಾಲರ್ ಕಟ್ಟಲು ಒಪ್ಪಿದರು. ಹೆತ್ತವರ ಒಪ್ಪಿಗೆ ಇಲ್ಲದೆ 16 ವರ್ಷದೊಳಗಿನವರಿಗೆ ಇಂಥ ಅದೃಷ್ಟದ ಪೆಟ್ಟಿಗೆಗಳನ್ನು (ಲೂಟ್ ಬಾಕ್ಸ್) ಮಾರಕೂಡದೆಂಬ ಷರತ್ತೂ ಬಿತ್ತು. ಬೆಲ್ಜಿಯಂ 2018ರಲ್ಲೇ ದುಡ್ಡು ಕೊಟ್ಟು ತೆರೆಯುವ ಇಂಥ ಅದೃಷ್ಟದ ಪೆಟ್ಟಿಗೆಗಳನ್ನು ಜೂಜೆಂದು ಪರಿಗಣಿಸಿತ್ತು. ತಿಂಗಳಿಗೊಮ್ಮೆ ಗೊತ್ತಾದ ಮೊತ್ತ ಕೇಳುವ ಆಟ ಇದಕ್ಕಿಂತ ಎಷ್ಟೋ ನೇರ, ಎಷ್ಟೋ ಸುರಕ್ಷಿತ.

ಇನ್ನು ‘ಚಟ’. ದಿನಕ್ಕೆ ಮೂರು ತಾಸು ಆಡಿದವರೆಲ್ಲ ರೋಗಿಗಳೆಂಬ ಮಾತು ಸಲೀಸಾಗಿ ಓಡಾಡುತ್ತಿದೆ. ವಿಶ್ವ ಆರೋಗ್ಯ ಸಂಸ್ಥೆ ಗೇಮಿಂಗ್ ಕಾಯಿಲೆಯನ್ನು ತನ್ನ ಐಸಿಡಿ-11 ಪಟ್ಟಿಗೆ ಸೇರಿಸಿರುವುದು ನಿಜ. 2019ರಲ್ಲಿ ಒಪ್ಪಿಗೆಯಾದ ಆ ಪಟ್ಟಿ 2022ರ ಜನವರಿಯಿಂದ ಜಾರಿಯಲ್ಲಿದೆ. ಅಲ್ಲಿ ಗಂಟೆಗಳ ಲೆಕ್ಕವಿಲ್ಲ. ಆಟದ ಮೇಲೆ ಹಿಡಿತ ತಪ್ಪಿರಬೇಕು, ಬದುಕಿನ ಬೇರೆಲ್ಲ ಕೆಲಸಕ್ಕಿಂತ ಆಟ ಮುಂದಾಗಿರಬೇಕು, ಹಾನಿ ಕಣ್ಣಿಗೆ ಕಂಡರೂ ಬಿಡಲಾಗದಿರಬೇಕು. ಸಾಮಾನ್ಯವಾಗಿ ಈ ಸ್ಥಿತಿ 12 ತಿಂಗಳಾದರೂ ಮುಂದುವರಿದಿರಬೇಕು. ಪರೀಕ್ಷೆ ಮುಗಿದ ಬೇಸಿಗೆ ರಜೆಯಲ್ಲಿ ಗಿಲ್ಡ್ ಜೊತೆ ರಾತ್ರಿ ಹನ್ನೊಂದರವರೆಗೆ ಆಡುವ ಹುಡುಗಿಗೂ, ಕಾಲೇಜು ಬಿಟ್ಟು ಊಟ-ನಿದ್ದೆ ಮರೆತವನಿಗೂ ಇರುವ ಅಂತರ ಇದು.

ನಿಜವಾಗಿ ಆ ಹಂತ ಮುಟ್ಟಿದವರನ್ನು ಬೈದು, ವೈರು ಕಿತ್ತು ಸರಿಮಾಡಲಾಗದು. ಅಂಥವರಿಗಾಗಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ‘ಶಟ್’ ಎಂಬ ಚಿಕಿತ್ಸಾಲಯ ನಡೆಯುತ್ತಿದೆ. ಅಗತ್ಯ ಇರುವವರು ಹಿಂಜರಿಯದೆ ಅಲ್ಲಿಗೆ ಹೋಗಲಿ. ಉಳಿದ ಮನೆಗಳವರು ಫೋನಿನಲ್ಲಿ, ಕನ್ಸೋಲ್‌ನಲ್ಲಿ ಸೇರಿಸಿಟ್ಟಿರುವ ಕಾರ್ಡ್, ಯುಪಿಐ ವಿವರ ಇವತ್ತೇ ತೆಗೆದುಹಾಕಿ, ಕನ್ಸೋಲ್‌ನ ಪೋಷಕರ ನಿಯಂತ್ರಣದಲ್ಲಿ ತಿಂಗಳ ಖರ್ಚಿಗೆ ಮಿತಿ ಹಾಕಿ, ರೇಡ್ ಎಷ್ಟು ಗಂಟೆಗೆ ಮುಗಿಯುತ್ತದೆಂದು ಮಕ್ಕಳನ್ನು ಮೊದಲೇ ಕೇಳಿ ಊಟದ ಹೊತ್ತು ಗೊತ್ತುಮಾಡಿಕೊಳ್ಳಲಿ.