ಕಾರ್ಖಾನೆಯ ಈಥರ್‌ನೆಟ್ ಕಾರ್ಡಿಗೆ ವಿಳಾಸ

ಕಾಲೇಜಿನ ಗಣಕ ಕೊಠಡಿಯಲ್ಲಿ ಹೊಸ ಗಣಕಕ್ಕೆ ಕೇಬಲ್ ಸಿಕ್ಕಿಸಿದರೆ ಸಾಮಾನ್ಯವಾಗಿ ಕೆಲಸ ಮುಗಿಯಿತು. ಡಿಎಚ್‌ಸಿಪಿ ಸರ್ವರ್ ತಾನಾಗಿ ಒಂದು ವಿಳಾಸ ಕೊಡುತ್ತದೆ. ನಾಳೆ ಅದು ಬದಲಾದರೂ ನಿಮಗೆ ಗೊತ್ತಾಗುವುದಿಲ್ಲ. ಕುಲುಮೆಯನ್ನೋ ಪಂಪನ್ನೋ ನಿಯಂತ್ರಿಸುವ ಪಿಎಲ್‌ಸಿಯ ಈಥರ್‌ನೆಟ್ ಕಾರ್ಡಿನ ವಿಷಯ ಹಾಗಲ್ಲ. ಅದರೊಡನೆ ಮಾತನಾಡುವ ಯಂತ್ರಗಳಲ್ಲಿ ಅದರ ವಿಳಾಸವನ್ನು ಮೊದಲೇ ಬರೆದಿಟ್ಟಿರುವುದರಿಂದ ಅದು ಸ್ಥಿರವಾಗಿರಬೇಕು.

ಇಂಥ ಕಾರ್ಡಿಗೆ ಎರಡು ವಿಳಾಸಗಳುಂಟು. 48 ಬಿಟ್‌ಗಳ ಮ್ಯಾಕ್ ವಿಳಾಸ ತಯಾರಕರು ಕೊಟ್ಟದ್ದು, ಹುಟ್ಟು ಮಚ್ಚೆಯಂತೆ. 32 ಬಿಟ್‌ಗಳ ಐಪಿ ವಿಳಾಸ ನಾವು ಕೊಡಬೇಕಾದದ್ದು. ಐಪಿ ವಿಳಾಸವೇ ಇಲ್ಲದ ಕಾರ್ಡಿಗೆ ಅದನ್ನು ತಲುಪಿಸುವುದು ಹೇಗೆ? ಮ್ಯಾಕ್ ವಿಳಾಸ ಹಿಡಿದು. ಸೀಮೆನ್ಸ್ ಕಾರ್ಡುಗಳ ಮೈಮೇಲೆ ಮ್ಯಾಕ್ ವಿಳಾಸವನ್ನು ಅಚ್ಚು ಹಾಕಿರುವುದು ಇದಕ್ಕೇ. ಆಲೆನ್-ಬ್ರಾಡ್ಲಿಯ 1756-ಇಎನ್2ಟಿ ಕಾರ್ಡಿನಲ್ಲಿ ಇನ್ನೂ ಸರಳ ಉಪಾಯವಿದೆ: ಮೂರು ತಿರುಗುಗುಂಡಿಗಳನ್ನು 025ಕ್ಕೆ ತಿರುಗಿಸಿ ವಿದ್ಯುತ್ ಕೊಟ್ಟರೆ ವಿಳಾಸ 192.168.1.25 ಆಗುತ್ತದೆ. ಬೂಟ್‌ಪಿ ವಿಧಾನದಲ್ಲಿ ವಿಳಾಸ ಕೊಟ್ಟವರು ಆಮೇಲೆ ಆ ಸೌಲಭ್ಯವನ್ನು ನಿಷ್ಕ್ರಿಯಗೊಳಿಸಲು ಮರೆಯಬಾರದು. ಮರೆತರೆ ವಿದ್ಯುತ್ ಹೋಗಿ ಬಂದೊಡನೆ ಕಾರ್ಡು ಹಳೆಯದನ್ನು ಬಿಟ್ಟು ಮತ್ತೆ ವಿಳಾಸಕ್ಕಾಗಿ ಕೂಗುತ್ತದೆ. ನಮ್ಮ ಊರುಗಳಲ್ಲಿ ಇದು ಎಷ್ಟು ಬೇಗ ಬಯಲಾಗುತ್ತದೆಂದು ಹೇಳಬೇಕಿಲ್ಲ!

ನಿಜವಾದ ಗೊಂದಲ ಇರುವುದು ಸಬ್‌ನೆಟ್ ಮಾಸ್ಕ್‌ನಲ್ಲಿ. ಎದುರಿನ ವಿಳಾಸ ತನ್ನದೇ ಜಾಲದ್ದೋ ಹೊರಗಿನದೋ ಎಂದು ಕಾರ್ಡು ತಿಳಿಯುವುದು ಇದರಿಂದ. ಎರಡೂ ಬಿಟ್‌ಗಳು 1 ಆದಾಗ ಮಾತ್ರ 1 ಕೊಡುವ 'ಆ್ಯಂಡ್' ಕ್ರಿಯೆ ನಿಮಗೆ ಗೊತ್ತಷ್ಟೆ. ಅದನ್ನು ವಿಳಾಸ ಮತ್ತು ಮಾಸ್ಕ್‌ಗಳ ನಡುವೆ ನಡೆಸಿದರೆ ಜಾಲದ ಸಂಖ್ಯೆ ಸಿಗುತ್ತದೆ.

ಒಮ್ಮೆ ನಮ್ಮ ಪ್ರಯೋಗಾಲಯದಲ್ಲಿ ಗಣಕಕ್ಕೆ 192.168.1.20, ಮಾಸ್ಕ್ 255.255.255.0 ಇತ್ತು. ಕಾರ್ಡಿಗೆ 192.168.1.200 ಕೊಟ್ಟು, ಮಾಸ್ಕನ್ನು ನಾನು 255.255.255.128 ಎಂದು ತುಂಬಿದ್ದೆ. ಗಣಕದ ಲೆಕ್ಕದಲ್ಲಿ ಇಬ್ಬರೂ 192.168.1.0 ಜಾಲದವರು, ಪ್ರಶ್ನೆಯನ್ನು ನೇರವಾಗಿ ಕಳಿಸಿತು. ಕಾರ್ಡಿನ ಲೆಕ್ಕ ಬೇರೆ. ಕೊನೆಯ ಬೈಟನ್ನು ಮಾತ್ರ ನೋಡಿ: 200 ಎಂದರೆ 11001000, 20 ಎಂದರೆ 00010100, ಮಾಸ್ಕ್ 10000000. ಆ್ಯಂಡ್ ಮಾಡಿದಾಗ ತನಗೆ 128, ಗಣಕಕ್ಕೆ 0 ಬಂತು. 'ಇವನು ಹೊರಗಿನವನು' ಎಂದು ಉತ್ತರವನ್ನು ಗೇಟ್‌ವೇಗೆ ಕೊಡಹೊರಟಿತು. ನಾವು ಗೇಟ್‌ವೇ ಇಟ್ಟೇ ಇರಲಿಲ್ಲ! ಕಾರ್ಡಿನ ದೀಪ ಮಿನುಗುತ್ತಿತ್ತು, ಉತ್ತರ ಬರುತ್ತಿರಲಿಲ್ಲ. ಕೇಬಲ್ ಬದಲಾಯಿಸುವುದರಲ್ಲೇ ಒಂದು ಮಧ್ಯಾಹ್ನ ಕಳೆಯಿತು.

ಮಾಸ್ಕ್ ತಪ್ಪಿದರೆ ಮಾತು ನಿಲ್ಲುತ್ತದೆ. ಒಂದೇ ಐಪಿ ವಿಳಾಸ ಎರಡು ಯಂತ್ರಗಳಿಗೆ ಬಿದ್ದರೆ ಅಪಾಯ ಇನ್ನೂ ಹೆಚ್ಚು. 'ಈ ವಿಳಾಸ ಯಾರದು?' ಎಂದು ಜಾಲಕ್ಕೆಲ್ಲ ಕೂಗಿ ಮ್ಯಾಕ್ ವಿಳಾಸ ತಿಳಿಯುವುದು 1982ರಲ್ಲಿ ಪ್ರಕಟವಾದ ಎಆರ್‌ಪಿ ನಿಯಮ. ಇಬ್ಬರು ಉತ್ತರಿಸಿದರೆ ಒಂದು ಪಂಪಿಗೆ ಹೋಗಬೇಕಾದ ಆದೇಶ ಇನ್ನೊಂದರ ಬಾಗಿಲು ತಟ್ಟಬಹುದು. ಹೊಸ ವಿಳಾಸ ಬಳಸುವ ಮೊದಲು ಅದು ಬೇರೆಯವರಲ್ಲಿದೆಯೇ ಎಂದು ವಿಚಾರಿಸುವ ಕ್ರಮವನ್ನು 2008ರ ಆರ್‌ಎಫ್‌ಸಿ 5227 ವಿವರಿಸಿದೆ. ಆದರೆ ಹಳೆಯ ಕಾರ್ಡುಗಳೆಲ್ಲ ಅದನ್ನು ಪಾಲಿಸುತ್ತವೆಂದು ನಂಬುವಂತಿಲ್ಲ. ಕಾರ್ಡು ಜೋಡಿಸುವ ಮೊದಲು ನೀವೇ ಆ ವಿಳಾಸಕ್ಕೆ 'ಪಿಂಗ್' ಮಾಡಿ ನೋಡಿ. ಉತ್ತರ ಬಂದರೆ ಅಲ್ಲಿ ಯಾರೋ ಇದ್ದಾರೆ. ಬಾರದಿದ್ದರೂ ಸ್ವಿಚ್ ಆರಿಸಿದ ಯಂತ್ರವೊಂದು ಅದೇ ವಿಳಾಸ ಇಟ್ಟುಕೊಂಡು ಮೂಲೆಯಲ್ಲಿ ಕೂತಿರಬಹುದು. ಅದಕ್ಕೆಂದೇ ಈಗ ನಮ್ಮ ನಿಯಂತ್ರಣ ಪೆಟ್ಟಿಗೆಯ ಬಾಗಿಲ ಒಳಬದಿಯಲ್ಲಿ ಎಲ್ಲ ವಿಳಾಸಗಳ ಕೈಬರಹದ ಪಟ್ಟಿಯೊಂದನ್ನು ಅಂಟಿಸಿದ್ದೇವೆ.